ಹುಳದ ಮನೆಯ ಬೀಗ

ಮಾವು ಕೀಳಲು ಆಳು ಸಿಗದೆ ಕಾಡಂಚಿನ ನಮ್ಮ ಉಯ್ಯಂಬಳ್ಳಿ ಕಡೆಯವರೆಲ್ಲ ಆಳು ಕರೆತರುವ ಮೇಸ್ತ್ರಿಗಳ ಹಿಂದೆ ಅಲೆಯುತ್ತಿದ್ದ ವರ್ಷ ಅದು. ನಮ್ಮ ಪಾಲಿಗೆ ಯಾದಗಿರಿ ಕಡೆಯ ಗಂಡ ಹೆಂಡತಿ ಸಿಕ್ಕರು, ಜೊತೆಗೆ ಮೂರು ವರ್ಷದ ಮಗಳು. ಬಂದವರನ್ನು ಇರಿಸುವುದೆಲ್ಲಿ? ಊರಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಿದ್ದ ಒಂದಿಬ್ಬರು, "ಕೂಲಿಯೋರಿಗೆ ಕೊಡಾಕಿಲ್ಲ" ಎಂದುಬಿಟ್ಟರು. ಕೊನೆಗೆ ತೋಟದ ತಗಡಿನ ಶೆಡ್ಡಿನಲ್ಲಿ, ಕಿತ್ತ ಮಾವಿನ ರಾಶಿಯ ಪಕ್ಕದಲ್ಲೇ ಜಾಗ ಮಾಡಿಕೊಟ್ಟೆವು.

ಶೆಡ್ಡಿನಿಂದ ಇಪ್ಪತ್ತು ಹೆಜ್ಜೆಗೆ ನಮ್ಮ ರೇಷ್ಮೆ ಹುಳದ ಮನೆ. ಸಿಮೆಂಟಿನ ಗೋಡೆ, ಕಬ್ಬಿಣದ ಬಾಗಿಲು. ಹಿಂದಿನ ಬೆಳೆ ಮುಗಿದ ಮೇಲೆ ತೊಳೆದು, ಔಷಧಿ ಹೊಡೆದು, ಬೀಗ ಹಾಕಿದ್ದೆ. ಮುಂದಿನ ವಾರ ಮರಿಹುಳ ಬರುವವರೆಗೆ ಹೊರಗಿನವರ ಕಾಲು ಅಲ್ಲಿ ಬೀಳಬಾರದು. ಹುಳದ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಕಟ್ಟಿಕೊಂಡ ಗಂಡನನ್ನೂ ಕಾಲು ತೊಳೆಯದೆ ಒಳಗೆ ಬಿಟ್ಟವಳಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಬದುವಿನ ಮೇಲೆ ಆನೆ ಲದ್ದಿ ಬಿದ್ದಿತ್ತು. ಕೋಲಿನಿಂದ ಕೆದಕಿದರೆ ಮಾವಿನ ವಾಟೆ. ಫಾರೆಸ್ಟಿನವರಿಗೆ ಹೇಳಿಕಳಿಸಿದೆ. ಫಾರೆಸ್ಟ್ ವಾಚರ್ ಬಂದು ನೋಡಿ, "ವಾಸ್ನೆ ಹಿಡ್ಕಂಡ್ಬುಟ್ಟೈತೆ ಕಣಕ್ಕ. ಇವತ್ತೋ ನಾಳೆಯೋ ಬತ್ತದೆ. ಶೆಡ್ಡಲ್ಲಿ ಯಾರ್ನೂ ಮಲಗಿಸ್ಬ್ಯಾಡಿ" ಅಂದ.

ಆಳಿನ ಹೆಂಡತಿ ಅದನ್ನು ಕೇಳಿಸಿಕೊಂಡಿದ್ದಳು. ಸಂಜೆ ನಾನು ಊರಿನ ಮನೆಗೆ ಹೊರಟಾಗ ಮಗಳನ್ನು ಎತ್ತಿಕೊಂಡು ಬಂದು, "ಅಕ್ಕಾರ, ಆ ಹುಳದ ಮನ್ಯಾಗ ಮಲಗ್ತೀವ್ರಿ. ಏನೂ ಮುಟ್ಟಂಗಿಲ್ಲ" ಎಂದಳು.

"ಹುಳಕ್ಕೆ ರೋಗ ಬಂದ್ರೆ ಏನ್ ಮಾಡ್ಲವ್ವ? ನಾಳೆ ಲೋಡ್ ಹೋಯ್ತದೆ, ಹಣ್ಣೇ ಇರಾಕಿಲ್ಲ. ಇವತ್ತೊಂದಿನ ಬೆಂಕಿ ಹಾಕ್ಕೊಂಡು ಮಲಗಿ" ಅಂದೆ. ಎಂಥ ಜಾಣೆ ನಾನು! ಹೇಳುವಾಗ ನನ್ನ ಕೈ ಸೊಂಟದ ಬೀಗದ ಕೈ ಮೇಲೆಯೇ ಇತ್ತು. ನಮ್ಮ ಮನೆ ಜಗಲಿಗಾದರೂ ಬನ್ನಿ ಎನ್ನಲು ಬಾಯಿ ಬರಲಿಲ್ಲ.

ಬೆಳಗ್ಗೆ ಹೋದಾಗ ಶೆಡ್ಡಿನ ತಗಡು ಮುದ್ದೆಯಾಗಿ ಬಿದ್ದಿತ್ತು. ಶೆಡ್ಡಿಗೂ ಹುಳದ ಮನೆಗೂ ನಡುವೆ ಅವಳ ಗಂಡ ಬಿದ್ದಿದ್ದ, ಜೀವ ಹೋಗಿತ್ತು. ತಾಯಿ ಮಗಳು ನೀರಿನ ತೊಟ್ಟಿಯ ಹಿಂದೆ ಮುದುರಿ ಕೂತಿದ್ದರು.  

ಮುಂದಿನ ವಾರ ಮರಿಹುಳ ಬಂದವು. ಅವತ್ತಿನಿಂದ ಆ ಬಾಗಿಲ ಹತ್ತಿರ ಸುಳಿಯದವಳು ಬೀಗ ತೆಗೆಯಲು ಹೋದೆ. ಬಾಗಿಲಿನ ಮೇಲೆ ಕೆಮ್ಮಣ್ಣಿನ ಅಂಗೈ ಗುರುತುಗಳು ಒಣಗಿದ್ದವು. ದೊಡ್ಡವು ನನ್ನ ಎದೆಯೆತ್ತರಕ್ಕೆ, ಪುಟ್ಟವು ಮೊಣಕಾಲಿಗಿಂತ ಒಸಿ ಮೇಲೆ. ಎಷ್ಟು ಸಲ ಬಡಿದಿದ್ದರೋ, ಎಣಿಸಲಾಗಲಿಲ್ಲ.

ಆ ಸಲ ಹುಳಕ್ಕೆ ಒಂದು ರೋಗವೂ ತಗುಲಲಿಲ್ಲ.