ಗಂಡುಹುಡುಗರು ತೊಳೆದ ಹಳ್ಳ

ನಮ್ಮೂರಿನ ಹಳ್ಳ ತಿಳಿಯಾದದ್ದು ಸರ್ಕಾರದಿಂದ ಎಂದು ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದರಂತೆ. ಸುಳ್ಳು. ಹೆಣ್ಣು ಸಿಗದ ಗಂಡುಹುಡುಗರಿಂದ ತಿಳಿಯಾದದ್ದು. ನಾನೂ ಬುಟ್ಟಿ ಹೊತ್ತಿದ್ದೇನೆ, ಹೊರುವುದರ ಜೊತೆಗೆ ಎಲ್ಲರನ್ನೂ ಬೈದಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಕಂಡದ್ದು ಬರೆಯಲು ಅಷ್ಟು ಸಾಕು.

ಎಪ್ಪತ್ತನೇ ಇಸವಿ ದಾಟಿದ ಮೇಲಿನ ಮಾತು. ಮತ್ತೋಡಿನ ಕಡೆಯ ನಮ್ಮ ಗುಡ್ಡದಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದರು. ಆ ಹೆಸರು ನಾಲಿಗೆಗೆ ತಿರುಗದೆ ಊರವರು ಅದನ್ನು ಮಂಗನ ಗಣಿ ಮಾಡಿಕೊಂಡಿದ್ದರು. ಒಳ್ಳೆಯ ಅದಿರು ಮುಗಿದದ್ದೇ ತಡ, ಕಂಪನಿಯವರು ಲಾರಿ, ತಗಡು, ಕೊನೆಗೆ ಕಾವಲುಗಾರನ ನಾಯಿಯನ್ನೂ ಕಟ್ಟಿಕೊಂಡು ಹೋದರು. ನಮಗೆಂದು ಬಿಟ್ಟದ್ದು ಒಂದು ದೊಡ್ಡ ಗುಂಡಿ, ಪಕ್ಕದಲ್ಲಿ ಅದರೊಳಗಿಂದ ತೆಗೆದು ಸುರಿದ ಕಸಮಣ್ಣಿನ ದಿಬ್ಬ. ಮಳೆ ಬಂದರೆ ದಿಬ್ಬ ಕರಗಿ ನೇರ ಹಳ್ಳಕ್ಕಿಳಿಯುತ್ತಿತ್ತು. ನೀರಿಗೆ ಹೊಗೆಸೊಪ್ಪು ಜಗಿದು ಉಗುಳಿದ ಬಣ್ಣ. ಹಳ್ಳದ ಮರಳಿನಲ್ಲಿ ತೋಡಿದ ವರತೆಯಲ್ಲೂ ಅದೇ ಬಣ್ಣ ಒಸರುತ್ತಿತ್ತು. ಕುಡಿಯುವ ನೀರಿಗೆ ನಾವು ಹೆಂಗಸರು ಗುಡ್ಡದ ಆಚೆಯ ಬಾವಿಗೆ ಹೋಗಬೇಕು. ಬಟ್ಟೆಯನ್ನು ಮಾತ್ರ ಹಳ್ಳದಲ್ಲೇ ಒಗೆಯುತ್ತಿದ್ದೆವು, ಹಾಗಾಗಿ ಊರಿನ ಗಂಡಸರ ಪಂಚೆಗಳೆಲ್ಲ ಕಂದು. ನಮ್ಮ ಮಂದೆಯಲ್ಲಿ ಬಿಳಿ ಕುರಿ ಯಾವುದು, ಕೆಂದ ಕುರಿ ಯಾವುದು ಎಂದು ನನ್ನ ಗಂಡನೇ ಗೊಂದಲಪಡುತ್ತಿದ್ದ.

ಗಂಡಸರು ಇದನ್ನೆಲ್ಲ ಆರಾಮಾಗಿ ಸಹಿಸಿಕೊಂಡಿದ್ದರು. ನೀರು ಹೊರುವ ತಲೆ ಅವರದಲ್ಲವಲ್ಲ. ಅವರಿಗೆ ಬಿಸಿ ತಟ್ಟಿದ್ದು ಹೆಣ್ಣು ಕೇಳಲು ಹೋದಾಗ. ಪಂಚೆ ನೋಡಿದರೆ ಸಾಕು, ಹೆಣ್ಣಿನ ಕಡೆಯವರಿಗೆ ಊರು ಗೊತ್ತಾಗುತ್ತಿತ್ತು. "ಮಂಗನ ಗಣಿ ಊರೋರಾ? ಅಲ್ಲಿಗೆ ಕೊಟ್ರೆ ಹುಡುಗಿ ಬಾಳೆಲ್ಲ ಗುಡ್ಡ ಹತ್ತಿ ಇಳಿಯೋದೇ ಆತು" ಎಂದು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ನನ್ನ ಮೈದುನ ಅಂಥ ಮಜ್ಜಿಗೆಯನ್ನು ಮೂರು ತಾಲ್ಲೂಕುಗಳಲ್ಲಿ ಕುಡಿದಿದ್ದ.

ನಮ್ಮತ್ತೆಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ನಮ್ ಕಾಲದಾಗೆ ಹೆಣ್ಣು ನೀರು ನೋಡ್ಕಂಡು ಬರ್ತಿರ್ಲಿಲ್ಲ" ಎನ್ನುತ್ತಿದ್ದಳು.

"ಗಂಡು ನೋಡ್ಕಂಡೂ ಬರ್ತಿರ್ಲಿಲ್ಲ ಬಿಡು, ಅದಕ್ಕೇ ಮಾವಂಗೆ ಮದ್ವೆ ಆತು" ಎಂದೆ. ಎರಡು ದಿನ ಮಾತು ಬಿಟ್ಟಳು. ಮನೆ ತಣ್ಣಗಿತ್ತು.

ಹಿರೇಗುಂಟನೂರಿನ ಹತ್ತಿರ ಒಂದು ಹುಡುಗಿ ಇದ್ದಾಳೆಂದು ತಿಳಿಯಿತು. ಈ ಸಲ ಮೈದುನ ಬುದ್ಧಿ ಓಡಿಸಿದ. ದಾರಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇಳಿದು, ಹಾಲಿನಂಥ ಬಿಳಿ ಪಂಚೆಗಳನ್ನು ಎರವಲು ಪಡೆದು, ಅಣ್ಣತಮ್ಮ ಇಬ್ಬರೂ ಉಟ್ಟುಕೊಂಡು ಹೊರಟರು. ಜೊತೆಗೆ ನಾನೂ ಇದ್ದೆ. ಹುಡುಗಿಯ ಅಪ್ಪ ಚಾಪೆ ಹಾಸಿ, "ಕುಂತ್ಕಳ್ರಿ" ಎಂದ. ಕಾಫಿ ಬಂತು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಆ ಮನುಷ್ಯ ಬಗ್ಗಿ ಮೈದುನನ ಪಂಚೆಯ ಅಂಚನ್ನೇ ನೋಡತೊಡಗಿದ. ಅಗಸರು ಯಾರ ಬಟ್ಟೆ ಯಾರದೆಂದು ತಿಳಿಯಲು ಅಂಚಿನಲ್ಲಿ ಕಪ್ಪು ಗುರುತು ಹಾಕುತ್ತಾರಲ್ಲ, ಅದು ಅಲ್ಲಿತ್ತು.

"ಈ ಗುರುತು ನಮ್ಮ ಅಗಸಂದು. ಎರಡು ಚುಕ್ಕಿ, ಒಂದು ಗೀಟು. ಇದು ನಮ್ ಪಕ್ಕದೂರಿನ ದೊಡ್ಡಪ್ಪನ ಮನೆ ಪಂಚೆ ಅಲ್ಲೇನಪ್ಪ?"

ಮೈದುನ ಕಾಫಿ ಲೋಟದೊಳಗೆ ಮುಖ ಇಟ್ಟ. ಅವನ ಸೋದರತ್ತೆಯ ಗಂಡನೇ ಹುಡುಗಿಯ ಅಪ್ಪನ ದೊಡ್ಡಪ್ಪ. ಇಬ್ಬರ ಮನೆಗೂ ಒಬ್ಬನೇ ಅಗಸ. ಎರವಲು ತರಲು ಲೋಕದಲ್ಲಿ ಬೇರೆ ಊರು ಸಿಗಲಿಲ್ಲ ನಮ್ಮವರಿಗೆ!

ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಹುಡುಗಿಯ ಅಪ್ಪನೂ ನಕ್ಕ. ಒಳಗಿನಿಂದ ಹುಡುಗಿಯೂ ನಕ್ಕದ್ದು ಕೇಳಿಸಿತು. ನಕ್ಕು ಮುಗಿದ ಮೇಲೆ ಅವನು ಹೇಳಿದ: "ಹುಡುಗ ಬ್ಯಾಡ ಅನ್ನಲ್ಲ. ಹುಡುಗೀನೂ ಒಪ್ದಂಗೈತೆ. ಆದ್ರೆ ಆ ನೀರಿಗೆ ನನ್ ಮಗಳನ್ನ ಕೊಡಲ್ಲ. ಬರೋ ಮಳೆಗಾಲದ ತಂಕ ಕಾಯ್ತೀನಿ. ಹಳ್ಳ ಸರಿ ಮಾಡ್ಕಳ್ರಿ. ಇಲ್ಲಾಂದ್ರೆ ಹೊಳಲ್ಕೆರೆ ಕಡೆಯೋರು ಕೇಳ್ತಾ ಅವ್ರೆ."

ಊರಿಗೆ ಬಂದವನೇ ಮೈದುನ ತನ್ನಂತೆ ಮಜ್ಜಿಗೆ ಕುಡಿದು ಬಂದವರನ್ನೆಲ್ಲ ಅರಳಿಕಟ್ಟೆಗೆ ಕರೆದ. ಕಟ್ಟೆ ತುಂಬಿತು.

ಮೊದಲು ಹೊಸದುರ್ಗದ ತಾಲ್ಲೂಕು ಆಫೀಸಿಗೆ ಹೋದೆವು. ಗುಮಾಸ್ತ ತಲೆ ಎತ್ತದೆ, "ಆ ಗಣಿ ಮುಚ್ಚಿದೆಯಲ್ಲಮ್ಮ" ಎಂದ.

"ಮುಚ್ಚಿಲ್ಲ ಸ್ವಾಮಿ, ಬಾಯಿ ತಕ್ಕಂಡು ಬಿದ್ದೈತೆ."

"ಮುಚ್ಚಿದೆ ಅಂದ್ರೆ ಕೆಲಸ ನಿಂತಿದೆ ಅಂತ."

"ಹಂಗಾದ್ರೆ ನಿಂತೈತೆ ಅನ್ರಿ. ನಾವು ಮಡಿಕೆ ಮುಚ್ಚಿದೀವಿ ಅಂದ್ರೆ ಮೇಲೆ ತಟ್ಟೆ ಇರ್ತೈತೆ."

ಪಕ್ಕದ ಮೇಜಿನಲ್ಲಿ ಕುಳಿತಿದ್ದ ಚಿಕ್ಕ ವಯಸ್ಸಿನ ಇಂಜಿನಿಯರ್ ಇದನ್ನು ಕೇಳಿಸಿಕೊಂಡು, ಮರುವಾರ ಸೈಕಲ್ ತುಳಿದು ಗುಡ್ಡಕ್ಕೆ ಬಂದ. ಆ ದಿಬ್ಬವನ್ನೆಲ್ಲ ಗುಂಡಿಗೆ ನೂಕಿಬಿಡೋಣ ಎಂದು ನಾನು ಹೇಳಿದೆ. ಅಷ್ಟು ಮಣ್ಣು ನೂಕುವ ಹೊತ್ತಿಗೆ ಈ ಹುಡುಗರಿಗೆಲ್ಲ ಮೊಮ್ಮಕ್ಕಳನ್ನು ಕಾಣುವ ವಯಸ್ಸಾಗುತ್ತದೆ ಎಂದ. ಅವನ ಲೆಕ್ಕ ಬೇರೆ. ಗುಡ್ಡದ ಮೇಲಿನ ನೀರು ದಿಬ್ಬವನ್ನು ಮುಟ್ಟದಂತೆ ಮೇಲ್ಗಡೆ ಒಂದು ಕಾಲುವೆ ತೋಡಬೇಕು. ದಿಬ್ಬದ ಬುಡಕ್ಕೆ ಕಲ್ಲುಕಟ್ಟೆ ಕಟ್ಟಬೇಕು. ಅದನ್ನೂ ದಾಟಿ ಬಂದ ನೀರು ಎರಡು ಹೊಂಡಗಳಲ್ಲಿ ನಿಂತು, ಮಡ್ಡಿ ಕೆಳಗೆ ಕೂತ ಮೇಲೆ ಹಳ್ಳಕ್ಕೆ ಇಳಿಯಬೇಕು. ದಿಬ್ಬದ ಮೈಮೇಲೆ ಕತ್ತಾಳೆ, ಹೊಂಗೆ. ಅವನು ಹೇಳಿದ್ದು ಸರಿಯಾಗಿತ್ತು, ಒಪ್ಪಿಕೊಂಡೆ. ಅವನಿಗೂ ಮದುವೆ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಬೇಸಿಗೆಯೆಲ್ಲ ಅದೇ ಕೆಲಸ. ಹುಡುಗರು ಅಗೆದರು, ನಾವು ಹೆಂಗಸರು ಹೊತ್ತೆವು. ಮದುವೆಯಾದ ಗಂಡಸರು ನೆರಳಿನಲ್ಲಿ ಕುಳಿತು ಕಾಲುವೆ ಎಲ್ಲಿ ಸೊಟ್ಟಗಿದೆ ಎಂದು ತೋರಿಸಿಕೊಟ್ಟರು. ನನ್ನ ಗಂಡನೂ ತೋರಿಸಲು ಬೆರಳೆತ್ತಿದ. ಅವನ ತಲೆಯ ಮೇಲೆ ಬುಟ್ಟಿ ಇಟ್ಟೆ. ಹಳೆಯ ಮಡ್ಡಿಯನ್ನು ಹಳ್ಳದಿಂದ ಎಳೆದು ಹಾಕುವಾಗ ಹುಡುಗರ ಕೈಕಾಲು ಆ ಬಣ್ಣಕ್ಕೆ ತಿರುಗಿ ಗುರುತೇ ಸಿಗುತ್ತಿರಲಿಲ್ಲ. "ಅತ್ಗೆ, ಹಳ್ಳ ಬೆಳ್ಳಗಾಗೋ ಹೊತ್ಗೆ ನಾನು ಕರ್ರಗಾಗಿರ್ತೀನಿ, ಅವಳು ಗುರುತು ಹಿಡೀತಾಳಾ?" ಎಂದು ಮೈದುನ ಕೇಳಿದ. "ಮೈ ಮ್ಯಾಲೆ ಎರಡು ಚುಕ್ಕಿ ಒಂದು ಗೀಟು ಹಾಕ್ಸ್ಕಳೋ" ಎಂದೆ.

ಮೊದಲ ದೊಡ್ಡ ಮಳೆ ಹೊಯ್ದ ಮಾರನೇ ದಿನವೇ ಹುಡುಗಿಯ ಅಪ್ಪ ಅಮ್ಮ ಬಸ್ಸಿಳಿದು ಬಂದರು. ಹೇಳದೆ ಕೇಳದೆ ಬಂದದ್ದು ಬೇಕಂತಲೇ. ಕಲ್ಲುಕಟ್ಟೆ ನಿಂತಿತ್ತು. ಮೇಲಿನ ಹೊಂಡದಲ್ಲಿ ನೀರು ಚಹಾದಂತಿತ್ತು, ಕೆಳಗಿನ ಹೊಂಡದಲ್ಲಿ ನೀರು ಬೆರೆಸಿದ ಚಹಾ, ಹಳ್ಳದಲ್ಲಿ ತಳದ ಮರಳು ಕಾಣುತ್ತಿತ್ತು. ಅಪ್ಪ ತಲೆಯಾಡಿಸಿದ. ಅಮ್ಮ ಆಡಿಸಲಿಲ್ಲ.

"ಕಣ್ಣಿಗೆ ತಿಳಿ ಕಂಡ್ರೆ ಆತಾ? ಬೇಳೆ ಬೇಯ್ಬೇಕು" ಎಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ತೊಗರಿಬೇಳೆ. ಊರಿಂದ ಕಟ್ಟಿಕೊಂಡೇ ಬಂದಿದ್ದಳು. ಕೆಟ್ಟ ನೀರಿನಲ್ಲಿ ಬೇಳೆ ಕಲ್ಲಾಗಿಯೇ ಉಳಿಯುತ್ತದೆ. ಅದು ನನಗೂ ಗೊತ್ತು.

ವರತೆಯ ನೀರು ತಂದು ನಮ್ಮ ಒಲೆಯ ಮೇಲೆ ಇಟ್ಟೆವು. ಮದುವೆಯಾಗದವರೆಲ್ಲ ಬಾಗಿಲಲ್ಲಿ ಗುಂಪಾದರು. ಈ ಹುಡುಗಿ ಬಂದರೆ ತಮ್ಮ ದಾರಿಯೂ ತೆರೆಯುತ್ತದೆ ಎಂಬ ಲೆಕ್ಕ ಅವರದು. ಹುಟ್ಟಿದಂದಿನಿಂದ ಒಲೆಯ ಕಡೆ ತಿರುಗಿ ನೋಡದ ಮೈದುನ ಊದುಗೊಳವೆ ಹಿಡಿದು ಕುಳಿತ. ಬೇಳೆಗೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟರೆ ಬೇಗ ಮೆತ್ತಗಾಗುತ್ತದೆ. ನಾನು ಮೆಲ್ಲಗೆ ಕುಡಿಕೆಯತ್ತ ಕೈ ಚಾಚಿದೆ.

"ಕೈ ಈಚೆ ಇಟ್ಕ ತಾಯಿ" ಎಂದಳು ಆಕೆ, ನನ್ನತ್ತ ನೋಡದೆ. "ಆ ಬೇಳೆ ನನ್ ಹತ್ರ ಬೇಯಲ್ಲ."

ಬೆರಳ ಸಂದಿಯಲ್ಲಿ ಒಂದು ಕಾಳು ಹಿಡಿದು ಒತ್ತಿದಳು. ಗಟ್ಟಿ. ಮೈದುನ ಊದಿದ. ಮತ್ತೆ ಒತ್ತಿದಳು. ಇನ್ನೂ ಗಟ್ಟಿ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಬಿಸಿಲು ನಡುಮನೆಗೆ ಬರುವ ಹೊತ್ತಿಗೆ ಕಾಳು ಅವಳ ಬೆರಳಿನಲ್ಲಿ ಚಪ್ಪಟೆಯಾಯಿತು.

"ಬೆಂದೈತೆ" ಎಂದಳು. "ಆದ್ರೆ ನಮ್ಮೂರಷ್ಟು ಬೇಗ ಇಲ್ಲ. ಸೌದೆ ಜಾಸ್ತಿ ಬೇಕು. ಒಡೆಯೋರು ಯಾರು?"

"ನಾನೇ" ಎಂದ ಮೈದುನ.

ಮದುವೆ ಆಯಿತು. ಮುಂದಿನ ಬೇಸಿಗೆಯಲ್ಲಿ ಹೊಂಡಗಳ ಮಡ್ಡಿ ಎತ್ತುವ ಕೆಲಸ ಬಂತು. ಮಳೆಗೆ ಮೊದಲೇ ಎತ್ತದಿದ್ದರೆ ಮತ್ತೆ ಹಳ್ಳಕ್ಕಿಳಿಯುತ್ತದೆ. ಮದುವೆಯಾಗದವರು ಬಂದರು. ಆಗಿದ್ದವನು ಗೋಡೆಗೊರಗಿ, "ಅತ್ಗೆ, ಸೊಂಟ ಹಿಡ್ಕಂಡೈತೆ" ಎಂದ. ನಾನು ಬಾಯಿ ತೆರೆಯುವ ಮೊದಲೇ ಹೊಸ ಹೆಣ್ಣು ಅಟ್ಟದಿಂದ ತನ್ನ ಟ್ರಂಕು ಇಳಿಸಿ ಅಂಗಳದ ನಡುವೆ ಇಟ್ಟಳು.

"ಎಲ್ಲಿಗೆ?" ಎಂದ.

"ಹಳ್ಳ ಕೆಡೋದ್ರೊಳಗೆ ತವರಿಗೆ ಹೋಗಾಣ ಅಂತ. ನಮ್ಮವ್ವಂಗೆ ಏನ್ ಹೇಳ್ಲಿ?"

ಅವನು ಗುದ್ದಲಿ ಹುಡುಕಿಕೊಂಡು ಗುಡ್ಡ ಹತ್ತಿದ. ಸೊಂಟ ಅರ್ಧ ದಾರಿಯಲ್ಲೇ ಸರಿಹೋಯಿತಂತೆ. ಟ್ರಂಕಿನೊಳಗೆ ಏನೂ ಇರಲಿಲ್ಲ, ನಾನೇ ತೆಗೆದು ನೋಡಿದೆ. ಅವನಿಗೆ ಇಂದಿಗೂ ಹೇಳಿಲ್ಲ.