ಹಾಲು ಉಕ್ಕದ ಖೋಲಿ

ನಿಪ್ಪಾಣಿಯಲ್ಲಿ ಅಕ್ಕ ಹಿಡಿದ ಹೊಸ ಮನೆ. ಒಲೆಯ ಮೇಲಿನ ಹಾಲು ಕಾಯಲು ನನ್ನನ್ನು ನಿಲ್ಲಿಸಿದ್ದಾಳೆ. ಕೆನೆಯ ವಾಸನೆ ಏಳುತ್ತಿದ್ದಂತೆ ಹಳೆಯದೊಂದು ನೆನಪಾಯಿತು. ನೆನಪು ಎಂದೆನಲ್ಲ, ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ.

ಅಕ್ಕನ ಮದುವೆಯಾದದ್ದು ಕೊಕಟನೂರಿನಲ್ಲಿ, ಸಂಸಾರ ಸದಲಗಾದಲ್ಲಿ. ಭಾವನಿಗೆ ರಾಜ್ಯದ ಗಡಿಯಾಚೆ ನೌಕರಿ. ಅಲ್ಲೊಂದು ಬಾಡಿಗೆ ಖೋಲಿ ಹಿಡಿದು, ರಜೆಗೆ ಮಾತ್ರ ಊರಿಗೆ ಬರುತ್ತಿದ್ದ. ಬರಬರುತ್ತ ಅದೂ ನಿಂತಿತು; ಅಕ್ಕ ನಮ್ಮಲ್ಲಿಗೆ ಬಂದಳು. ಒಂದು ದಿನ ಸಂತೆಯಲ್ಲಿ ಯಾರೋ ಕೇಳಿದರು: "ನಿಮ್ಮಕ್ಕಂದು ಸೋಡಚೀಟಿ ಆಗೇತಂತಲ್ಲ?"

ಭಾವ ಆಚೆಯ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ. ಗಂಡ ಹೆಂಡತಿ ಕೊನೆಗೆ ಕೂಡಿ ವಾಸವಿದ್ದದ್ದು ಆ ಖೋಲಿಯಲ್ಲೇ ಎಂದಿದ್ದ. ನೋಟೀಸೂ ಅದೇ ವಿಳಾಸಕ್ಕೆ ಹೋಗಿತ್ತು. ಅಕ್ಕನಿಗೆ ಸುದ್ದಿಯೇ ಇಲ್ಲದೆ ತೀರ್ಪಾಯಿತು: ಈಕೆ ಗಂಡನನ್ನು ಬಿಟ್ಟು ಹೋದವಳು.

"ಬ್ಯಾರೆ ಆಗಾಕ ನಂದೇನೂ ತಕರಾರಿಲ್ರಿ," ಎಂದಳು ಅಕ್ಕ, ವಕೀಲರ ಮುಂದೆ. "ಬಿಟ್ಟು ಹೋದಾಕಿ ಅಂತ ಬರದಾರಲ್ಲ, ಅದನ್ನ ತಗಸ್ರಿ."

"ಆ ಕೋರ್ಟಿಗೆ ಈ ಕೇಸ್ ನಡಸೋ ಅಧಿಕಾರನ ಇಲ್ಲ ಅಂತ ಅಪೀಲ್ ಹಾಕೋಣು. ಲಗ್ನ ಆಗಿದ್ದು ಇತ್ತಾಗ, ನೀವಿರೋದು ಇತ್ತಾಗ. ಕಡೀಕ ಕೂಡಿದ್ದದ್ದೂ ಇತ್ತಾಗ ಅಂತ ಗಟ್ಟಿ ಆಗಬೇಕು. ಆದರ ಅಪೀಲು ಅಲ್ಲಿ ಮ್ಯಾಲಿನ ಕೋರ್ಟಿಗೇ ಹಾಕಬೇಕ್ರಿ."

"ಅಂದ್ರ 'ನಿಮಗ ಅಧಿಕಾರ ಇಲ್ಲ' ಅನ್ನಾಕ ಅವರ ಹೊಸ್ತಲಕ್ಕೇ ಹೋಗಬೇಕು?"

"ಹೌದ್ರಿ."

"ಬೀಗರ ಮ್ಯಾಲಿನ ದೂರು ಬೀಗರ ಮನ್ಯಾಗ ಹೇಳಿದಂಗ ಆತ್ ಬಿಡ್ರಿ ಇದು."

ವಕೀಲರು ನಗುತ್ತ ನನ್ನತ್ತ ತಿರುಗಿದರು. ಆ ಖೋಲಿಗೆ ಅಕ್ಕ ಹೋದದ್ದು ಒಮ್ಮೆಯೇ, ಬುತ್ತಿ ಕಟ್ಟಿಕೊಂಡು, ನನ್ನ ಜೊತೆ. ಅಂದು ಸಂಜೆಯೇ ಮರಳಿದೆವು ಎಂದೆ. ಬಸ್ಸಿನ ಕಿಟಕಿ, ಮುಂದೆ ತೂಗಾಡುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್, ಎಲ್ಲ ಕಣ್ಣಿಗೆ ಕಟ್ಟಿತ್ತು. ವಕೀಲರು ಹಿಗ್ಗಿದರು.

"ಸುಳ್ಳು," ಎಂದಳು ಅಕ್ಕ. "ಅವತ್ತ ಬಸ್ಸ ತಪ್ಪಿತ್ತಲೇ. ಅಲ್ಲೇ ಮಕ್ಕೊಂಡ್ವಿ. ನೀ ಗೊರಕಿ ಹೊಡದು ಯಾರ್ನೂ ಮಲಗಗೊಡಲಿಲ್ಲ."

ವಕೀಲರ ಪೆನ್ನು ನಿಂತಿತು. "ಅಕ್ಕಾರ, ಇದು ಅವರಿಗೇ ಅನುಕೂಲ ಆಕ್ಕೈತಿ."

"ಆಗಲಿ. ಖರೇ ಬರೀರಿ. ಬಸ್ಸ ತಪ್ಪಿ ಮಲಗಿದ್ರ ಅದು ಮನಿ ಆಗ್ತೈತೇನು? ಅಲ್ಲಿ ನಾ ಹಾಲ ಉಕ್ಕಿಸಿಲ್ಲ. ಒಲೀನ ಇರಲಿಲ್ಲ."

ನಮ್ಮಲ್ಲಿ ಹೊಸ ಮನೆ ಹೊಕ್ಕರೆ ಮೊದಲು ಹಾಲು ಉಕ್ಕಬೇಕು, ಆಮೇಲೆ ಸಂಸಾರ. ಕಾನೂನು ಹಾಲಿನ ಮಾತು ಕೇಳಲಿಕ್ಕಿಲ್ಲ. ಆದರೆ ತಪ್ಪಿದ ಬಸ್ಸು, ಒಲೆಯಿಲ್ಲದ ಖೋಲಿ, ಎರಡನ್ನೂ ವಕೀಲರು ಇದ್ದಂತೆ ಬರೆದರು. ಅದು ಒಂದು ರಾತ್ರಿ ತಂಗಿದ್ದಷ್ಟೇ, ವಾಸವಲ್ಲ ಎಂದು ಮೇಲಿನ ಕೋರ್ಟು ತೀರ್ಪನ್ನು ರದ್ದುಪಡಿಸಿತು. ಮುಂದೆ ಈಚೆಯ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬೇರೆಯಾದರು. ಆ ಕಾಗದದಲ್ಲಿ ಯಾರೂ ಯಾರನ್ನೂ ಬಿಟ್ಟು ಹೋಗಿಲ್ಲ.

ವಿಚಿತ್ರವೆಂದರೆ, ನನಗೆ ಈಗಲೂ ಆ ಸಂಜೆಯ ಬಸ್ಸಿನ ಕಿಟಕಿ ಕಾಣುತ್ತದೆ. ಯಾವ ಬಸ್ಸೋ, ಯಾರ ಸಂಜೆಯೋ.

ಹಾಲು ಪಾತ್ರೆಯ ಅಂಚು ದಾಟಿ ಚುಂಯ್ ಎಂದಿತು. ಆರಿಸಲು ಕೈ ಚಾಚಿದೆ. ಹಿಂದಿನಿಂದ ಬಂದ ಅಕ್ಕ ಕೈ ಹಿಡಿದಳು.

"ತಡಿಯಲೇ, ಇನ್ನೊಂದೀಟ ಉಕ್ಕಲಿ. ಈ ಸಲನರ ಸರೀ ನೋಡ್ಕೊ."

ನೋಡಿದೆ.