ದೊಡ್ಡಪ್ಪ ಯಾಕೆ ಕೆಮ್ಮಲಿಲ್ಲ?

ಜುಲೈ ಹದಿನಾಲ್ಕು, ಬೆಳಗ್ಗೆ ಹತ್ತೂ ಇಪ್ಪತ್ತು. ದುರ್ಗದ ಆಸ್ಪತ್ರೆಯೊಂದರಲ್ಲಿ ನನ್ನ ದೊಡ್ಡಪ್ಪನಿಗೆ ಒಂದು ಪರೀಕ್ಷೆ. ಪಾಸಾಗಬೇಕಾದರೆ ಕೆಮ್ಮಬೇಕು. ಅವರು ಕೆಮ್ಮಲಿಲ್ಲ. ನನಗೆ ಖುಷಿಯೋ ಖುಷಿ. (ಪರೀಕ್ಷೆಯ ನಿಯಮ ನನಗೂ ಗೊತ್ತಿರಲಿಲ್ಲ.)

ದೊಡ್ಡಪ್ಪ ಹರಿಯಬ್ಬೆ ಊರಿನವರು, ಕುರಿ ಸಾಕಿಕೊಂಡೇ ಬಂದವರು. ಮೂರು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ತೊದಲಿತು, ನುಂಗುವುದು ಕಷ್ಟವಾಯಿತು. ಅಂಬಲಿ ಕುಡಿಸಿದರೆ ಕೆಮ್ಮು. ಕೆಮ್ಮಿದ ಕೂಡಲೇ ದೊಡ್ಡಮ್ಮ "ಸಾಕು ಬಿಡ್ರಿ ಇವತ್ತಿಗೆ" ಎಂದು ಬಟ್ಟಲು ಎತ್ತಿಬಿಡುತ್ತಿದ್ದರು.

ನಾನೇನು ಮಾಡಿದೆ? ಲೆಕ್ಕ ಬರೆದೆ. (ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತೇ ಇದೆ.) ದಿನಕ್ಕೆಷ್ಟು ಕೆಮ್ಮು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಸಂಜೆ ಎಲ್ಲರೆದುರು ಓದುತ್ತಿದ್ದೆ. ಹನ್ನೊಂದು, ಎಂಟು, ಮೂರು. ಕೊನೆಯ ಎರಡು ದಿನ ಸೊನ್ನೆ. ಮನೆಯವರೆಲ್ಲ ನಿರಾಳ.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ದೊಡ್ಡಪ್ಪನ ಮುಖಕ್ಕೆ ಮಾಸ್ಕ್ ಕಟ್ಟಿದರು. ಅದರೊಳಗೆ ಸಿಟ್ರಿಕ್ ಆಸಿಡ್ ಬೆರೆಸಿದ ತೆಳು ಹಬೆ. ಉಸಿರೆಳೆದರೆ ಗಂಟಲು ಕೆರೆಯುತ್ತದೆ. ದೊಡ್ಡಪ್ಪ ಕಲ್ಲಿನಂತೆ ಕೂತರು. ಥೆರಪಿಸ್ಟ್ ಗಂಭೀರರಾದರು.

"ಕೆಮ್ಮು ಬರ್ತಿಲ್ಲ ಅಂದ್ರೆ ಗಂಟಲಿಗೆ ಗೊತ್ತಾಗ್ತಿಲ್ಲ ಅಂತ. ಕುಡಿದದ್ದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ನ್ಯುಮೋನಿಯಾ ಆಗಬಹುದು. ಸದ್ಯ ಬಾಯಿಗೆ ಏನೂ ಕೊಡಬೇಡಿ. ಮೂಗಿಗೆ ಪೈಪ್ ಹಾಕಬೇಕಾಗುತ್ತೆ."

ನಾನು ಹಿಗ್ಗಿನಿಂದ ಓದಿದ ಸೊನ್ನೆಯ ಅರ್ಥ ಇದೇನಾ?

ದೊಡ್ಡಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದರು. ದೊಡ್ಡಪ್ಪನ ಕಣ್ಣಲ್ಲಿ ನೀರು, ಕತ್ತಿನ ನರ ಉಬ್ಬಿತ್ತು.

"ಮೇಡಂ, ಇವ್ರಿಗೆ ಬರ್ತೈತೆ. ತಡ್ಕಂಡವ್ರೆ" ಎಂದರು. ಆಮೇಲೆ ಗಂಡನತ್ತ ತಿರುಗಿದರು. "ಬಿದಿರು ಗೊಟ್ಟದಾಗೆ ಬಾಯಿಗೆ ಔಷ್ದಿ ಹೊಯ್ದಾಗ ಕೆಮ್ಮದಿರೋ ಕುರಿ ಏನಾಗ್ತೈತೆ ಅಂತ ನಿಮಗೆ ನಾನು ಹೇಳಬೇಕೇನ್ರಿ?"

ದೊಡ್ಡಪ್ಪ ಎಡಗೈಯಲ್ಲಿ ನನ್ನನ್ನು ತೋರಿಸಿ ತೊದಲಿದರು. "ಈಯಮ್ಮ ಬರ್ಕಂತಾಳೆ. ನೀನು ಬಟ್ಲು ಎತ್ತೀಯ. ಕೆಮ್ಮಿದ್ರೆ ಉಣ್ಣಾಕೆ ಎಲ್ಲಿ ಕೊಡ್ತೀರಿ?"

ಥೆರಪಿಸ್ಟ್ ನನ್ನ ಕೈಯಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಮಗುಚಿಟ್ಟರು. "ಯಜಮಾನ್ರೆ, ಬಂದ್ರೆ ಕೆಮ್ಮಿಬಿಡ್ರಿ. ಯಾರೂ ಊಟ ಕಿತ್ಕೊಳ್ಳಲ್ಲ."

ಎರಡನೇ ಸಲ ಮಾಸ್ಕ್. ದೊಡ್ಡಪ್ಪ ಕೆಮ್ಮಿದ ರಭಸಕ್ಕೆ ಬಾಗಿಲಾಚೆ ಕಾಯುತ್ತಿದ್ದವರು ಇಣುಕಿ ನೋಡಿದರು.

ನುಂಗುವುದನ್ನೂ ಬೇರೆಯಾಗಿ ನೋಡಿದ ಮೇಲೆ, ಪೈಪ್ ಸದ್ಯಕ್ಕೆ ಬೇಡ ಎಂದರು ಥೆರಪಿಸ್ಟ್. ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿ, ಒಂದೊಂದೇ ಚಮಚ. ಕೆಮ್ಮಿದರೆ ನಿಲ್ಲಿಸಿ, ಸುಧಾರಿಸಿಕೊಂಡ ಮೇಲೆ ಮತ್ತೆ ಕೊಡಬೇಕು.

ತಡೆದುಕೊಂಡ ಆ ಎರಡು ದಿನ ಎದೆಗೆ ಇಳಿದದ್ದೆಷ್ಟು? ಎಕ್ಸ್‌ರೇ ತೆಗೆದಿದ್ದಾರೆ. ರಿಪೋರ್ಟ್ ನಾಳೆ.

ಹೊಸದುರ್ಗ, ಹೊಳಲ್ಕೆರೆ ಕಡೆ ಈ ಪರೀಕ್ಷೆ ಎಲ್ಲಾದರೂ ಮಾಡುತ್ತಾರೆಯೇ? ಊಟ ತಪ್ಪೀತೆಂದು ಕೆಮ್ಮು ತಡೆದುಕೊಳ್ಳುವವರನ್ನು ಮನೆಯಲ್ಲೇ ಗುರುತಿಸುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಇನ್ನೊಂದು ಎಕ್ಸ್‌ರೇವರೆಗೆ ಕಾಯುವ ಧೈರ್ಯ ನನಗಿಲ್ಲ.